ಸಾವಿನ ಬಗ್ಗೆ ನಿಮಗೆ ನಿಜವಾಗಿ ಇರುವ ಭಯ ಯಾವುದು?

ಅರ್ಧವಿರಾಮ

“ಸಾವಿಗೆ ಹೆದರುವುದಿಲ್ಲ, ನರಳುವುದಕ್ಕೆ ಹೆದರುತ್ತೇನೆ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ಹೇಳಿಯೂ ಇರುತ್ತೀರಿ. ನಾನಂತೂ ವರ್ಷಗಳಿಂದ ಹೇಳುತ್ತಿದ್ದೇನೆ. ಕೇಳಿದವರು ತಲೆದೂಗುತ್ತಾರೆ, ಮಾತು ಬೇರೆಡೆಗೆ ಹೊರಳುತ್ತದೆ. ಅಷ್ಟು ಸಲೀಸಾಗಿ ಎಲ್ಲರೂ ಒಪ್ಪಿಬಿಡುವ ಮಾತಿನ ಮೇಲೆ ಈಚೆಗೆ ನನಗೆ ಗುಮಾನಿ ಹುಟ್ಟಿದೆ.

ಬಿಡಿಸಿ ನೋಡಿದರೆ ಒಳಗಿರುವುದು ಒಂದೇ ಭಯವಲ್ಲ. ನೋವಿನ ಭಯವಿದೆ. ಹಾಸಿಗೆ ಹಿಡಿದು ಇನ್ನೊಬ್ಬರ ಕೈಯಲ್ಲಿ ಮೈ ತೊಳೆಸಿಕೊಳ್ಳಬೇಕಾದ ನಾಚಿಕೆಯಿದೆ. ನನ್ನನ್ನು ನೆಚ್ಚಿಕೊಂಡವರ ಗತಿಯೇನು ಎಂಬ ಚಿಂತೆಯಿದೆ. ಇವೆಲ್ಲದರ ಅಡಿಯಲ್ಲಿ, ಹಗಲಿನಲ್ಲಿ ಕೈಗೆ ಸಿಗದೆ ನಡುರಾತ್ರಿ ಎಚ್ಚರವಾದಾಗ ಮಾತ್ರ ಎದುರಾಗುವ ಇನ್ನೊಂದಿದೆ: ನಾನು ಎಂಬುದೇ ಇರುವುದಿಲ್ಲ, ಮತ್ತೆಂದೂ ಇರುವುದಿಲ್ಲ. ನೋವಿಗೆ ಔಷಧವಿದೆ, ಮನೆಯವರಿಗೆ ವಿಮೆ ಮಾಡಿಸಬಹುದು. ಈ ಕೊನೆಯದಕ್ಕೆ ಏನು ಮಾಡುವುದು?

ನಿಮ್ಮದು ಯಾವುದು? ವಯಸ್ಸು, ಕಾಯಿಲೆ, ಹತ್ತಿರದವರ ಅಗಲಿಕೆ, ನಂಬಿಕೆ, ಇವುಗಳಲ್ಲಿ ಯಾವುದಾದರೂ ಅದನ್ನು ಬದಲಿಸಿತೇ? ಸಮಾಧಾನದ ಸುಭಾಷಿತಗಳನ್ನು ದಯವಿಟ್ಟು ಹಾಕಬೇಡಿ, ಅವು ಬೇಕಾದಷ್ಟು ಸಿಗುತ್ತವೆ.

ಶುಷ್ಕತರ್ಕ

ನಿಮ್ಮ ನಡುರಾತ್ರಿಯ ಭಯಕ್ಕೆ ಉತ್ತರ ಕೊಟ್ಟವನು ಕ್ರಿಸ್ತಪೂರ್ವ 270ರಲ್ಲಿ ತೀರಿಕೊಂಡ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್. ನಾವು ಇರುವವರೆಗೆ ಸಾವು ಇಲ್ಲ, ಸಾವು ಬಂದಾಗ ನಾವು ಇಲ್ಲ, ಇಬ್ಬರಿಗೂ ಮುಖಾಮುಖಿಯೇ ಆಗುವುದಿಲ್ಲ ಎಂಬುದು ಅವನ ವಾದದ ಸಾರ. ಅವನ ಹಾದಿಯ ರೋಮನ್ ಕವಿ ಲುಕ್ರೀಷಿಯಸ್ ಇನ್ನೊಂದು ಹೆಜ್ಜೆ ಮುಂದಿಟ್ಟ: ನೀವು ಹುಟ್ಟುವ ಮೊದಲಿನ ಅನಂತ ಕಾಲ ನಿಮ್ಮನ್ನು ಕಾಡುತ್ತಿಲ್ಲ, ಸತ್ತ ಮೇಲಿನದು ಯಾಕೆ ಕಾಡಬೇಕು?

ಇದಕ್ಕೆ ತಕ್ಕ ಎದುರುವಾದ 1970ರಲ್ಲಿ ಅಮೆರಿಕನ್ ತತ್ತ್ವಜ್ಞಾನಿ ಥಾಮಸ್ ನೇಗೆಲ್ ಅವರಿಂದ ಬಂತು. ಸಾವು ಕೆಟ್ಟದ್ದಾಗಲು ಅದು ನಮಗೆ ನೋವು ಕೊಡಲೇಬೇಕೆಂದಿಲ್ಲ, ಸಿಗಬಹುದಾಗಿದ್ದ ಬದುಕನ್ನು ಕಸಿದುಕೊಂಡರೆ ಸಾಕು ಎಂದರು. ನನಗೆ ನೇಗೆಲ್ ಸರಿ ಎನ್ನಿಸುತ್ತದೆ. ಆದರೂ ಎಪಿಕ್ಯೂರಸ್ ಒಂದು ಕೆಲಸವನ್ನಂತೂ ಮಾಡಿದ್ದಾನೆ. ಇಲ್ಲದಿರುವುದನ್ನು ಊಹಿಸುವಾಗ ನಾವು ಗುಟ್ಟಾಗಿ ಒಬ್ಬ ನೋಡುಗನನ್ನು ಅಲ್ಲಿ ಕೂರಿಸಿಬಿಡುತ್ತೇವೆ. ಕತ್ತಲಲ್ಲಿ ಮಲಗಿ, ಎಲ್ಲರನ್ನೂ ಕಳೆದುಕೊಂಡೆನೆಂದು ಕೊರಗುವ ಒಬ್ಬ ‘ನಾನು’. ಆ ನೋಡುಗನನ್ನು ಎಬ್ಬಿಸಿ ಕಳುಹಿಸಿದರೆ ಭಯದ ಒಂದು ಪಾಲು ಅವನ ಜೊತೆಗೇ ಹೋಗುತ್ತದೆ. ಉಳಿಯುವುದು ದುಃಖ, ಅದು ನ್ಯಾಯವಾದದ್ದೇ.

ಹಳೆಯ ಗಡಿಯಾರ

ನನಗೆ ಎಂಬತ್ತು ದಾಟಿದೆ. ಭಯ ಹೆಚ್ಚಾಗಿ ಇದ್ದದ್ದು ನಲವತ್ತರ ಆಸುಪಾಸಿನಲ್ಲಿ. ಮಕ್ಕಳು ಚಿಕ್ಕವರು, ಸಾಲ ತೀರಿರಲಿಲ್ಲ, ಎದೆಯಲ್ಲಿ ಸ್ವಲ್ಪ ಹಿಡಿದಂತಾದರೂ ಬೆವರುತ್ತಿದ್ದೆ. ಈಗ ಎದೆಯಲ್ಲಿ ನಿಜವಾಗಿಯೇ ತೊಂದರೆ ಇದೆ, ಬೆವರುವುದಿಲ್ಲ.

ಈಗಿನ ನನ್ನ ಕಿರಿಕಿರಿ ಬೇರೆ. ಯಾರೂ ಆ ಮಾತನ್ನು ಎತ್ತಲು ಬಿಡುವುದಿಲ್ಲ. “ನಾನು ಹೋದ ಮೇಲೆ ಆ ಕಪಾಟಿನ ಕೀಲಿ…” ಎನ್ನುತ್ತಿದ್ದಂತೆಯೇ ಸೊಸೆ “ಬಿಡ್ತು ಅನ್ನಿ ಮಾವ” ಎನ್ನುತ್ತಾಳೆ. ಪ್ರೀತಿಯಿಂದಲೇ ಹೇಳುತ್ತಾಳೆ. ಕೀಲಿ ಎಲ್ಲಿದೆ ಎಂಬುದು ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಂಬಿಕಸ್ಥ

ನಾನು ದೇವರನ್ನು ನಂಬುವವನು, ಸಾವಿನೊಂದಿಗೆ ಎಲ್ಲ ಮುಗಿಯುವುದಿಲ್ಲವೆಂದೂ ನಂಬುತ್ತೇನೆ. “ನಿಮಗೇನು, ನಂಬಿಕೆ ಇದೆ, ನಿಶ್ಚಿಂತೆ” ಎಂದು ಗೆಳೆಯರು ಹೇಳುವಾಗ ಸಿಟ್ಟು ಬರುತ್ತದೆ. ತಾಯಿ ಊರಿಗೆ ಹೊರಟರೆ ಮಗು ಅಳುವುದಿಲ್ಲವೇ, ಮತ್ತೆ ಬರುತ್ತಾಳೆಂದು ಗೊತ್ತಿದ್ದರೂ? ಅಗಲಿಕೆ ಅಗಲಿಕೆಯೇ. ಅಲ್ಲದೆ ನಂಬುವವನಿಗೆ ನಾಸ್ತಿಕನಿಗಿಲ್ಲದ ಒಂದು ಹೆಚ್ಚಿನ ಭಯವೂ ಇದೆ: ಲೆಕ್ಕ ಒಪ್ಪಿಸಬೇಕು. ನನ್ನ ಲೆಕ್ಕ ಅಷ್ಟೇನೂ ಚೊಕ್ಕವಾಗಿಲ್ಲ.

ಶುಷ್ಕತರ್ಕ

ನಂಬಿಕಸ್ಥರೇ, ನಿಮ್ಮ ಅನುಭವಕ್ಕೆ ಅಂಕಿಅಂಶಗಳ ಬೆಂಬಲವೂ ಇದೆ. ಧರ್ಮಶ್ರದ್ಧೆಗೂ ಸಾವಿನ ಭಯಕ್ಕೂ ಇರುವ ನಂಟಿನ ಬಗ್ಗೆ ಆವರೆಗೆ ಬಂದಿದ್ದ ಸುಮಾರು 100 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ನಂಟು ಬಹಳ ದುರ್ಬಲವೆಂದು ಕಂಡಿತು. ಗಾಢವಾಗಿ ನಂಬುವವರಲ್ಲಿ ಭಯ ಕಡಿಮೆ, ಸುತರಾಂ ನಂಬದವರಲ್ಲೂ ಕಡಿಮೆ, ನಡುವೆ ತೂಗಾಡುವವರಲ್ಲಿ ಹೆಚ್ಚು ಎಂಬ ಸುಳಿವು ಕೆಲವು ಅಧ್ಯಯನಗಳಲ್ಲಿ ಸಿಕ್ಕಿತು. ಅಂದರೆ ಅರ್ಧವಿರಾಮ ಅವರು ನಡುವೆ ತೂಗಾಡುವವರಾದರೆ ಅವರ ಜಾಗ ಅತ್ಯಂತ ಅನನುಕೂಲದ್ದು.

ಅರ್ಧವಿರಾಮ

ಧನ್ಯವಾದಗಳು, ಬಹಳ ಸಮಾಧಾನವಾಯಿತು.

ರಾತ್ರಿಪಾಳಿ

ಉಪಶಮನ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಎಲ್ಲರೂ ಸಾವಿನ ಬಗ್ಗೆ ಮಾತನಾಡುತ್ತಿದ್ದೀರಿ. ಸಾಯುವುದು ಹೇಗಿರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ, ನೋಡುವ ಅವಕಾಶವೇ ಬಂದಿರುವುದಿಲ್ಲ. ಗೊತ್ತಿಲ್ಲದ ಜಾಗವನ್ನು ಕಲ್ಪನೆ ತುಂಬುತ್ತದೆ, ಮತ್ತು ಕಲ್ಪನೆ ಯಾವತ್ತೂ ಕ್ರೂರವಾದದ್ದನ್ನೇ ಆರಿಸುತ್ತದೆ.

ಕ್ಯಾನ್ಸರ್, ಹೃದಯ ವೈಫಲ್ಯದಂತಹ ದೀರ್ಘ ಕಾಯಿಲೆಗಳ ಕೊನೆಯ ದಿನಗಳು ಬಹುಮಟ್ಟಿಗೆ ಒಂದೇ ತರಹ ಸಾಗುತ್ತವೆ. ನಿದ್ದೆ ಹೆಚ್ಚುತ್ತದೆ, ಎಚ್ಚರದ ಹೊತ್ತು ಕಿರಿದಾಗುತ್ತದೆ. ಹಸಿವು ಹೋಗುತ್ತದೆ. ತಿನ್ನದಿರುವುದರಿಂದ ಸಾಯುತ್ತಿದ್ದಾರೆ ಎಂದು ಮನೆಯವರು ಕಂಗಾಲಾಗುತ್ತಾರೆ, ನಿಜದಲ್ಲಿ ಸಾಯುತ್ತಿರುವುದರಿಂದ ದೇಹ ಆಹಾರವನ್ನು ಕೇಳುತ್ತಿಲ್ಲ. ಕೈಕಾಲು ತಣ್ಣಗಾಗುತ್ತವೆ, ಚರ್ಮದ ಮೇಲೆ ನೀಲಿ ಛಾಯೆಯ ಮಚ್ಚೆಗಳು ಮೂಡಬಹುದು. ಉಸಿರಿನ ಲಯ ತಪ್ಪುತ್ತದೆ: ಆಳವಾಗುತ್ತ ಹೋಗಿ, ಮೆಲ್ಲಗಾಗಿ, ಕೆಲವು ಸೆಕೆಂಡು ನಿಂತೇ ಹೋಗಿ, ಮತ್ತೆ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರಿನಿಂದ ಇದಕ್ಕೆ ಚೇನ್–ಸ್ಟೋಕ್ಸ್ ಉಸಿರಾಟ ಎನ್ನುತ್ತಾರೆ. ಕೊನೆಯಲ್ಲಿ ಹೆಚ್ಚಿನವರಿಗೆ ಎಚ್ಚರವೇ ಇರುವುದಿಲ್ಲ. ಸಿನಿಮಾದಲ್ಲಿ ಬರುವ ಕೊನೆಯ ಮಾತುಗಳನ್ನು ನಾನು ಕೇಳಿದ್ದು ಬಹಳ ಅಪರೂಪ.

ಎಲ್ಲರದೂ ಶಾಂತವಾಗಿರುತ್ತದೆ ಎಂದು ಹೇಳಲಾರೆ. ಕೆಲವರಿಗೆ ಕೊನೆಯಲ್ಲಿ ತೀವ್ರ ಚಡಪಡಿಕೆ, ಭ್ರಮೆ ಬರುತ್ತದೆ. ಅದನ್ನು ತಗ್ಗಿಸಲು ಔಷಧಗಳಿವೆ, ಆದರೆ ಕೊಡಬಲ್ಲವರು ಹತ್ತಿರದಲ್ಲಿರಬೇಕು. ನನ್ನ ಭಯ ಅದೇ: ನೋವಲ್ಲ, ನೋವನ್ನು ತಗ್ಗಿಸಲು ಗೊತ್ತಿರುವವರು ಯಾರೂ ಇಲ್ಲದ ಕೋಣೆ.

ಮೂರನೆಯ ಮಗಳು

ಒಂದು ಪ್ರಶ್ನೆ, ಇದನ್ನು ಯಾರನ್ನೂ ಕೇಳಿಲ್ಲ. ಅಪ್ಪನ ಕೊನೆಯ ರಾತ್ರಿ ಗಂಟಲಿನಲ್ಲಿ ಗೊರಗೊರ ಸದ್ದು ಬೆಳಗಿನವರೆಗೂ ಇತ್ತು. ಉಸಿರುಗಟ್ಟಿ ಒದ್ದಾಡಿದರೇ? ನಾವೆಲ್ಲ ಪಕ್ಕದಲ್ಲಿ ಕೂತು ನೋಡುತ್ತಲೇ ಇದ್ದೆವೇ?

ರಾತ್ರಿಪಾಳಿ

ಇಲ್ಲ ಅಕ್ಕ. ಆ ಹಂತದಲ್ಲಿ ನುಂಗುವ, ಕೆಮ್ಮುವ ಶಕ್ತಿ ಹೋಗಿರುತ್ತದೆ. ಗಂಟಲಲ್ಲಿ ಸೇರಿದ ಜೊಲ್ಲು, ಕಫದ ನಡುವೆ ಗಾಳಿ ಓಡಾಡಿದಾಗ ಆ ಸದ್ದು ಬರುತ್ತದೆ. ಎಚ್ಚರವಿದ್ದವರಾದರೆ ಕೂಡಲೇ ಕೆಮ್ಮಿ ತೆಗೆಯುತ್ತಿದ್ದರು. ಕೆಮ್ಮದೆ ಇದ್ದರೆಂದರೆ ಅದು ಅವರ ಅರಿವಿಗೇ ಬರುತ್ತಿರಲಿಲ್ಲ ಎಂದು ತಿಳಿಯಬಹುದು. ಹುಬ್ಬು ಗಂಟಿಕ್ಕಿತ್ತೇ, ಮುಖ ಬಿಗಿದಿತ್ತೇ ಎಂದು ನೆನಪಿಸಿಕೊಳ್ಳಿ. ನಾವು ನೋವನ್ನು ಓದುವುದು ಅಲ್ಲಿ. ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಸದ್ದು ಎಷ್ಟೋ ಸಲ ಕಡಿಮೆಯಾಗುತ್ತದೆ, ಕೆಲವೊಮ್ಮೆ ಔಷಧ ಕೊಡುತ್ತೇವೆ. ಆ ಸದ್ದಿನಿಂದ ಹೆಚ್ಚು ಸಂಕಟಪಡುವವರು ಪಕ್ಕದಲ್ಲಿ ಕೂತವರೇ.

ಇನ್ನೊಂದು. ಪಕ್ಕದಲ್ಲಿ ಕೂತಿದ್ದಾಗ ನೀವೇನಾದರೂ ಮಾತನಾಡಿದ್ದರೆ ಅದು ವ್ಯರ್ಥವಾಗಿರಲಿಕ್ಕಿಲ್ಲ. ಹಾಸ್ಪಿಸ್‌ನಲ್ಲಿದ್ದ, ಅಂದರೆ ಕೊನೆಗಾಲದ ಆರೈಕೆಯ ಕೇಂದ್ರದಲ್ಲಿದ್ದ, ಪ್ರತಿಕ್ರಿಯೆ ನಿಂತುಹೋಗಿದ್ದ ರೋಗಿಗಳ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದ ಒಂದು ಅಧ್ಯಯನ 2020ರಲ್ಲಿ ಬಂತು. ಕೆಲವರ ಮಿದುಳು ಸದ್ದಿನ ಬದಲಾವಣೆಗೆ ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತ್ತು. ಅರ್ಥವಾಯಿತೇ, ಯಾರ ದನಿಯೆಂದು ಗುರುತಾಯಿತೇ ಎಂಬುದು ಅದರಿಂದ ತಿಳಿಯುವುದಿಲ್ಲ. ನಾವಂತೂ ಕೋಣೆಯಲ್ಲಿ ಅವರು ಕೇಳಿಸಿಕೊಳ್ಳುತ್ತಿದ್ದಾರೆಂದೇ ತಿಳಿದು ಮಾತನಾಡುತ್ತೇವೆ.

ಮೂರನೆಯ ಮಗಳು

ಮುಖ ಬಿಗಿದಿರಲಿಲ್ಲ.

ಹಾಗಾದರೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಾಯಿಲೆ ಏನೆಂದು ಅಪ್ಪನಿಗೆ ನಾವು ಹೇಳಲೇ ಇಲ್ಲ. ದೊಡ್ಡಣ್ಣನ ತೀರ್ಮಾನ. ಹೇಳಿದರೆ ಧೈರ್ಯಗುಂದುತ್ತಾರೆ ಎಂದ. ಅಪ್ಪನೂ ಕೇಳಲಿಲ್ಲ. ಆದರೆ ಮೊಮ್ಮಗಳ ಮದುವೆಯ ವಿಷಯ ಬಂದಾಗಲೆಲ್ಲ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೆಂದು ನಮಗೆ ಗೊತ್ತಿತ್ತು. ನಮ್ಮನ್ನು ಕಾಪಾಡಲು ಅವರು, ಅವರನ್ನು ಕಾಪಾಡಲು ನಾವು, ಎಲ್ಲರೂ ಸೇರಿ ನಾಟಕವಾಡಿದೆವು.

ಶುಷ್ಕತರ್ಕ

ಈ ನಾಟಕವನ್ನು ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಆಸ್ಪತ್ರೆಗಳಲ್ಲಿ ಕೂತು ಗಮನಿಸಿ 1965ರಲ್ಲೇ ವಿವರಿಸಿದ್ದಾರೆ. ರೋಗಿಗೆ ಏನೂ ಗೊತ್ತಿಲ್ಲದ ಸ್ಥಿತಿ, ಅನುಮಾನದ ಸ್ಥಿತಿ, ಇಬ್ಬರಿಗೂ ಗೊತ್ತಿದ್ದು ಇಬ್ಬರೂ ನಟಿಸುವ ಸ್ಥಿತಿ, ಬಿಚ್ಚು ಮನಸ್ಸಿನ ಸ್ಥಿತಿ. ಮೂರನೆಯದರಲ್ಲಿ ಎರಡೂ ಕಡೆಯವರು ಎಷ್ಟು ಎಚ್ಚರದಿಂದ ಪಾತ್ರ ನಿರ್ವಹಿಸುತ್ತಾರೆ, ಮುಂದಿನ ವರ್ಷದ ಮಾತನ್ನು ಹೇಗೆ ತಪ್ಪಿಸುತ್ತಾರೆ ಎಂಬ ಅವರ ಗಮನಿಕೆ ನಿಮ್ಮ ಕಿಟಕಿಯ ಮಾತಿಗೆ ಬಹಳ ಹತ್ತಿರ.

ನಂಬಿಕಸ್ಥ

ದೊಡ್ಡಣ್ಣನ ಪರವಾಗಿ ಒಂದು ಮಾತು. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂಬುದೂ ಒಂದು ಮೂಢನಂಬಿಕೆಯೇ. ತಿಳಿದುಕೊಳ್ಳದಿರುವುದೂ ಮನುಷ್ಯನ ಹಕ್ಕು. ನನ್ನ ಚಿಕ್ಕಪ್ಪ ವೈದ್ಯರಿಗೆ ನೇರವಾಗಿ “ನನಗೆ ಹೇಳಬೇಡಿ, ಮಗನಿಗೆ ಹೇಳಿ” ಎಂದಿದ್ದರು.

ರಾತ್ರಿಪಾಳಿ

ನಿಮ್ಮ ಚಿಕ್ಕಪ್ಪನದು ಸರಿಯಾದ ದಾರಿ. ಅವರನ್ನು ಕೇಳಲಾಗಿತ್ತು, ಅವರು ಬೇಡವೆಂದರು. ಮೂರನೆಯ ಮಗಳ ಅಪ್ಪನನ್ನು ಯಾರೂ ಕೇಳಲಿಲ್ಲ. “ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿದುಕೊಳ್ಳಲು ಇಷ್ಟಪಡುತ್ತೀರಿ?” ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು.

ಎರಡನೆಯ ಸುತ್ತು

ಹೆಸರೇ ಹೇಳುವಂತೆ, ಚಿಕಿತ್ಸೆಯ ಎರಡನೆಯ ಸುತ್ತಿನಲ್ಲಿದ್ದೇನೆ. ಗುಣವಾಗುವುದಿಲ್ಲ, ಮುಂದೂಡಬಹುದು ಎಂದಿದ್ದಾರೆ. ನೀವೆಲ್ಲ ಮುಂದೆ ಎಂದೋ ಬರುವ ಒಂದು ವಿಷಯವನ್ನು ಚರ್ಚಿಸುತ್ತಿದ್ದೀರಿ. ತಪ್ಪೆಂದು ಹೇಳುತ್ತಿಲ್ಲ, ನಾನೂ ಹಾಗೇ ಮಾಡುತ್ತಿದ್ದೆ.

ಮೊದಲು ನನ್ನ ಜಗಳಗಳು. ನನ್ನನ್ನು ಹೋರಾಟಗಾರ್ತಿ ಎನ್ನಬೇಡಿ. ನಾನು ಸೂಜಿ ಚುಚ್ಚಿಸಿಕೊಂಡು ಮಲಗಿರುತ್ತೇನೆ, ಅಷ್ಟೆ. ನಾಳೆ ಸತ್ತರೆ ಸರಿಯಾಗಿ ಹೋರಾಡಲಿಲ್ಲ ಎಂದೇನು? ಹಾಗೆಯೇ ಸಾಯುವವರು ದಾಟುತ್ತಾರೆನ್ನುವ ಆ ಐದು ಹಂತಗಳು: ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಕೊಳ್ಳುವಿಕೆ. ಒಬ್ಬ ಆಪ್ತಸಮಾಲೋಚಕರು ನನ್ನ ಕೋಪವನ್ನು ನೋಡಿ “ಇದು ಎರಡನೆಯ ಹಂತ” ಎಂದರು. ಅವರು ನನ್ನನ್ನು ಒಂದು ಗಂಟೆ ಹೊರಗೆ ಕಾಯಿಸಿದ್ದರು, ಕೋಪ ಅದಕ್ಕೆ.

ಈಗ ಈ ಚರ್ಚೆಯ ಪ್ರಶ್ನೆಗೆ. ಇಲ್ಲದಿರುವುದರ ಭಯ ನನಗೆ ಮೊದಲ ಕೆಲವು ವಾರ ಭಯಂಕರವಾಗಿತ್ತು. ಆಮೇಲೆ ಯಾಕೋ ಸವೆಯಿತು. ಜ್ಞಾನೋದಯವೇನೂ ಆಗಲಿಲ್ಲ, ಬೇಸರ ಬಂತು ಎನ್ನಬೇಕು. ಈಗ ಇರುವುದು ಸಣ್ಣ ಸಣ್ಣ ಭಯಗಳು: ಮಕ್ಕಳು ನನ್ನನ್ನು ಈ ಮುಖದಿಂದಲೇ ನೆನಪಿಟ್ಟುಕೊಳ್ಳುವುದು, ನನ್ನ ಗಂಡ ಯಾರು ಏನು ಹೇಳಿದರೂ “ಎಲ್ಲಾ ಮಾಡಿ” ಎಂದು ಸಹಿ ಹಾಕುವುದು. ಎರಡನೆಯದು ಹೆಚ್ಚು ಕಾಡುತ್ತದೆ.

ಶುಷ್ಕತರ್ಕ

ಐದು ಹಂತಗಳ ಬಗ್ಗೆ ಒಂದು ಸಾಲು: ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಅವುಗಳನ್ನು 1969ರಲ್ಲಿ ಮುಂದಿಟ್ಟದ್ದು ಸಾವಿನ ಸಮೀಪದಲ್ಲಿದ್ದ ರೋಗಿಗಳೊಂದಿಗಿನ ಸಂದರ್ಶನಗಳಿಂದ. ಆ ಅನುಕ್ರಮದಲ್ಲೇ ಎಲ್ಲರೂ ಸಾಗುತ್ತಾರೆಂಬುದಕ್ಕೆ ನಂತರದ ಸಂಶೋಧನೆಯಲ್ಲಿ ಗಟ್ಟಿ ಆಧಾರ ಸಿಗಲಿಲ್ಲ. ರೋಗಿಗಳ ಮಾತನ್ನು ಕೂತು ಕೇಳಿದ್ದು ಅವರ ದೊಡ್ಡ ಕೊಡುಗೆ. ಪಟ್ಟಿ ಮಾತ್ರ ಉಳಿದು, ಕೇಳುವುದು ಮರೆತುಹೋಯಿತು.

ತುರ್ತುದ್ವಾರ

ತುರ್ತು ಚಿಕಿತ್ಸಾ ವಿಭಾಗದ ವೈದ್ಯ. “ಎಲ್ಲಾ ಮಾಡಿ” ಎಂಬ ಮಾತಿಗೆ ಬರುತ್ತೇನೆ, ಅದನ್ನು ಕೇಳಿಸಿಕೊಳ್ಳುವ ಕಿವಿ ನನ್ನದು.

ಎದೆ ಒತ್ತುವ ಇಂದಿನ ಸಿಪಿಆರ್ ಪದ್ಧತಿ ವೈದ್ಯಲೋಕಕ್ಕೆ ಬಂದದ್ದು 1960ರಲ್ಲಿ. ಚೆನ್ನಾಗಿದ್ದವರ ಹೃದಯ ಹಠಾತ್ತನೆ ನಿಂತಾಗ ಅದು ಅದ್ಭುತ, ಅಂಥದ್ದನ್ನು ಕಂಡರೆ ಒಂದು ಕ್ಷಣವೂ ಯೋಚಿಸದೆ ಶುರು ಮಾಡಿ. ಆದರೆ ಜನರ ಮನಸ್ಸಿನಲ್ಲಿರುವ ಸಿಪಿಆರ್ ಟಿವಿಯದು. ಅಮೆರಿಕದ ಟಿವಿ ಧಾರಾವಾಹಿಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪರದೆಯ ಮೇಲೆ ಸಿಪಿಆರ್ ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಬದುಕಿ ಮನೆಗೆ ಹೋಗುತ್ತಿದ್ದರು. ವಾಸ್ತವದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕುಳಿಯುವವರು ಹತ್ತರಲ್ಲಿ ಒಬ್ಬರು, ಬಹಳ ಕಡೆ ಅಷ್ಟೂ ಇಲ್ಲ. ಆಸ್ಪತ್ರೆಯೊಳಗೆ ನಾಲ್ಕೈದು ಜನರಲ್ಲಿ ಒಬ್ಬರು. ಮುಂದುವರಿದ ಕ್ಯಾನ್ಸರ್ ಇರುವವರಲ್ಲಿ ಇನ್ನೂ ಕಡಿಮೆ. ಒತ್ತುವಾಗ ಪಕ್ಕೆಲುಬು ಮುರಿಯುವುದು ಸಾಮಾನ್ಯ.

ಇದೆಲ್ಲ ಆಯ್ಕೆ ಎಂದು ಮನೆಯವರಿಗೆ ಆ ಹೊತ್ತಿನಲ್ಲಿ ಹೇಗೆ ಹೇಳುವುದು? ಬಾಗಿಲಲ್ಲಿ ನಿಂತು “ಏನು ಮಾಡೋಣ?” ಎಂದು ಕೇಳಿದರೆ ಯಾವ ಮಗ “ಬೇಡ” ಎಂದಾನು? ಬೇಡ ಎಂದರೆ ತಾನೇ ಕೊಂದಂತೆ ಎಂದುಕೊಳ್ಳುತ್ತಾನೆ. “ಎಲ್ಲಾ ಮಾಡಿ” ಎಂಬುದರಲ್ಲಿ ಎಷ್ಟೋ ಸಲ ರೋಗಿಯ ಇಚ್ಛೆ ಇರುವುದಿಲ್ಲ, ಹೇಳುವವನ ಅಪರಾಧಪ್ರಜ್ಞೆ ಇರುತ್ತದೆ. ಪ್ರಶ್ನೆಯನ್ನು ತಿರುಗಿಸಿ ಕೇಳುವುದನ್ನು ನಾನು ರೂಢಿಸಿಕೊಂಡಿದ್ದೇನೆ: “ಅವರು ಇಲ್ಲಿ ಎದ್ದು ಕೂತು ಇದನ್ನೆಲ್ಲ ನೋಡುತ್ತಿದ್ದರೆ ಏನು ಹೇಳುತ್ತಿದ್ದರು?” ಆಗ ಉತ್ತರ ಬೇರೆ ಬರುತ್ತದೆ. ಬರದಿದ್ದರೆ, ಅದರ ಬಗ್ಗೆ ಮನೆಯಲ್ಲಿ ಎಂದೂ ಮಾತಾಗಿಲ್ಲ ಎಂದರ್ಥ.

ಕಿರುಬೆರಳು

ಸ್ವಲ್ಪ ಪಕ್ಕಕ್ಕೆ ಹೋಗುತ್ತಿದ್ದೇನೆ, ಕ್ಷಮಿಸಿ. ಐದು ವರ್ಷದ ಮಗ “ಅಜ್ಜಿ ಯಾವಾಗ ಏಳುತ್ತಾರೆ?” ಎಂದು ಕೇಳುತ್ತಿದ್ದಾನೆ. ನಿದ್ದೆ ಮಾಡುತ್ತಿದ್ದಾರೆ ಎಂದು ನಮ್ಮವರೊಬ್ಬರು ಹೇಳಿಬಿಟ್ಟಿದ್ದರು. ಈಗ ಮಲಗಲು ಹಟ ಮಾಡುತ್ತಾನೆ.

ರಾತ್ರಿಪಾಳಿ

ಹಟಕ್ಕೆ ಕಾರಣ ಅದೇ ಇರಬಹುದು. ಸತ್ತವರು ಮರಳುವುದಿಲ್ಲ, ಅವರ ದೇಹ ಕೆಲಸ ನಿಲ್ಲಿಸಿರುತ್ತದೆ, ಇದು ಎಲ್ಲರಿಗೂ ಬರುತ್ತದೆ ಎಂಬ ಮೂರು ತಿಳಿವಳಿಕೆಗಳು ಮಕ್ಕಳಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಗಟ್ಟಿಯಾಗುತ್ತವೆ. ಆ ವಯಸ್ಸಿನಲ್ಲಿ ‘ಮಲಗಿದ್ದಾರೆ’, ‘ದೂರ ಹೋಗಿದ್ದಾರೆ’ ಎಂದರೆ ಅಕ್ಷರಶಃ ನಂಬುತ್ತಾರೆ. “ಅಜ್ಜಿ ಸತ್ತುಹೋಗಿದ್ದಾರೆ. ಅವರ ದೇಹಕ್ಕೆ ಉಸಿರಾಡಲು ಆಗುವುದಿಲ್ಲ, ನೋವೂ ಆಗುವುದಿಲ್ಲ, ಮತ್ತೆ ಬರುವುದಿಲ್ಲ” ಎಂದು ಸರಳವಾಗಿ ಹೇಳಿ. ಕಠಿಣ ಎನ್ನಿಸುವುದು ನಿಮಗೆ. ಅದೇ ಪ್ರಶ್ನೆಯನ್ನು ಹತ್ತಾರು ಸಲ ಕೇಳುತ್ತಾನೆ, ಪ್ರತಿ ಸಲ ಅದೇ ಉತ್ತರ ಕೊಡಿ. ಅವನು ಸಿಟ್ಟು ಮಾಡಿದ್ದರಿಂದ ಹೀಗಾಗಲಿಲ್ಲ ಎಂದೂ ಹೇಳಿ, ಕೇಳದಿದ್ದರೂ ಹೇಳಿ.

ಹಳೆಯ ಗಡಿಯಾರ

ಸತ್ತು ಮರಳಿ ಬಂದವರು ಬೆಳಕು ಕಂಡೆವು ಎನ್ನುತ್ತಾರಲ್ಲ, ಅದರ ಬಗ್ಗೆ ವೈದ್ಯರು ಏನು ಹೇಳುತ್ತಾರೆ? ಸುಮ್ಮನೆ ಕುತೂಹಲ.

ತುರ್ತುದ್ವಾರ

ಹಿರಿಯರೇ, ಅನುಭವ ಸುಳ್ಳಲ್ಲ. ನೆದರ್‌ಲೆಂಡ್ಸ್‌ನಲ್ಲಿ ಹೃದಯ ನಿಂತು ಬದುಕಿದ 344 ಜನರನ್ನು ಮಾತನಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ಮಂದಿ ಅಂಥದ್ದನ್ನು ವಿವರಿಸಿದ್ದರು. ಉಳಿದವರಿಗೆ ಏನೂ ನೆನಪಿರಲಿಲ್ಲ. ಅದು ಮಿದುಳಿನ ಕೆಲಸವೋ ಇನ್ನೇನೋ ಎಂಬ ಜಗಳ ನಡೆದೇ ಇದೆ. ಒಂದಂತೂ ನಿಜ, ಅವರೆಲ್ಲರೂ ಮರಳಿ ಬಂದವರು. ಪೂರ್ತಿ ಹೋದವರ ಹೇಳಿಕೆ ನಮ್ಮಲ್ಲಿಲ್ಲ.

ನಂಬಿಕಸ್ಥ

ನಿಮ್ಮಲ್ಲಿಲ್ಲ.

ಎರಡನೆಯ ಸುತ್ತು

ರಾತ್ರಿಪಾಳಿಯವರೇ, ನನ್ನ ವೈದ್ಯರು ಉಪಶಮನ ಆರೈಕೆಯವರನ್ನು ಒಮ್ಮೆ ನೋಡಿ ಎಂದಿದ್ದಾರೆ. ಕೈ ಚೆಲ್ಲಿದರು ಎಂದೇ ಮನೆಯಲ್ಲಿ ಎಲ್ಲರೂ ಭಾವಿಸಿದ್ದಾರೆ. ನಾನೂ.

ರಾತ್ರಿಪಾಳಿ

ಎಲ್ಲರೂ ಹಾಗೆಯೇ ಭಾವಿಸುತ್ತಾರೆ, ಆದ್ದರಿಂದ ನಮ್ಮ ಹತ್ತಿರ ಕೊನೆಯ ವಾರದಲ್ಲಿ ಬರುತ್ತಾರೆ. ಚಿಕಿತ್ಸೆ ನಿಲ್ಲಿಸಬೇಕಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲಿನಿಂದಲೇ ಉಪಶಮನ ಆರೈಕೆ ಸೇರಿಸಿದವರ ಜೀವನ ಗುಣಮಟ್ಟ ಉತ್ತಮವಾಗಿತ್ತು, ಖಿನ್ನತೆ ಕಡಿಮೆ ಇತ್ತು. ಕೊನೆಯಲ್ಲಿ ಅವರು ಪಡೆದ ಉಗ್ರ ಚಿಕಿತ್ಸೆ ಕಡಿಮೆ, ಆದರೂ ಬದುಕಿದ ಮಧ್ಯಮಾವಧಿ (ಅರ್ಧದಷ್ಟು ಜನ ದಾಟಿದ ಅವಧಿ) 11.6 ತಿಂಗಳು, ಉಳಿದವರದು 8.9. ಆಯುಷ್ಯ ಹೆಚ್ಚುವುದು ನಂತರದ ಎಲ್ಲ ಪ್ರಯೋಗಗಳಲ್ಲೂ ಕಾಣಲಿಲ್ಲ, ಆ ಭರವಸೆ ಕೊಡಲಾರೆ.

ನೋವು ಎಂದರೆ ದೇಹದ್ದಷ್ಟೇ ಅಲ್ಲ ಎಂಬುದು ಈ ಕ್ಷೇತ್ರದ ಬುನಾದಿ. 1967ರಲ್ಲಿ ಲಂಡನ್ನಿನಲ್ಲಿ ಮೊದಲ ಆಧುನಿಕ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್ ದೇಹ, ಮನಸ್ಸು, ಸಂಬಂಧ, ಆತ್ಮ ನಾಲ್ಕನ್ನೂ ಸೇರಿಸಿ ‘ಸಮಗ್ರ ನೋವು’ ಎಂದು ಕರೆದರು. ನಿಮ್ಮ ಗಂಡನ ಸಹಿಯ ಚಿಂತೆಯೂ ಅದರಲ್ಲಿ ಬರುತ್ತದೆ. ಮೊದಲ ಭೇಟಿಯಲ್ಲೇ ಅದನ್ನು ಹೇಳಿ. ನೋವಿಗೆ ಕೊಡುವ ಮಾರ್ಫಿನ್ ಎಂದರೆ ಹೆದರಬೇಡಿ. ಸರಿಯಾಗಿ ಅಳೆದು, ಹಂತಹಂತವಾಗಿ ಕೊಟ್ಟರೆ ಅದು ಸಾವನ್ನು ಬೇಗ ತರುವುದಿಲ್ಲ.

ಅರ್ಧವಿರಾಮ

ನಾನು ಶುರು ಮಾಡಿದಾಗ ಉತ್ತರ ತತ್ತ್ವಶಾಸ್ತ್ರದಿಂದ ಬರುತ್ತದೆಂದು ಕಾದಿದ್ದೆ. ಈಗ ನೋಡಿದರೆ ಇಲ್ಲಿ ಹೆಚ್ಚಿನವರನ್ನು ಕಾಡುತ್ತಿರುವುದು ಹೇಳಲಾಗದೆ ಉಳಿದ ಮಾತು. ನಡುರಾತ್ರಿಯ ಭಯಕ್ಕೆ ಮದ್ದು ಸಿಗಲಿಲ್ಲ, ಆದರೆ ಅದರ ನೆರಳಲ್ಲಿ ನಾನು ಬೇರೆ ಎಲ್ಲವನ್ನೂ ಮುಂದೂಡುತ್ತಿದ್ದೆ ಎಂಬುದು ಕಂಡಿತು. ಒಂದು ನೇರ ಪ್ರಶ್ನೆ: ನನಗೆ ಮಾತು ನಿಂತಾಗ ನನ್ನ ಪರವಾಗಿ ಮಾತನಾಡಲು ಒಬ್ಬರನ್ನು ಹೇಗೆ ಆರಿಸುವುದು?

ತುರ್ತುದ್ವಾರ

ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನು ನಿಮ್ಮಲ್ಲಿ ವಿಚಾರಿಸಿ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಕಲ್ಪನೆ ಹೊಸದೇನಲ್ಲ. ಲೂಯಿಸ್ ಕಟ್ನರ್ ಎಂಬ ಅಮೆರಿಕನ್ ವಕೀಲರು 1969ರಲ್ಲಿ ಅದನ್ನು ಮುಂದಿಟ್ಟರು, 1976ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನಿನ ರೂಪ ಕೊಟ್ಟಿತು. ಆದರೆ ಬರೆದ ಕಾಗದಕ್ಕಿಂತ ಮಾತನಾಡಬಲ್ಲ ಮನುಷ್ಯ ಹೆಚ್ಚು ಉಪಯೋಗಕ್ಕೆ ಬರುತ್ತಾನೆ, ಏಕೆಂದರೆ ಕಾಗದದಲ್ಲಿ ಊಹಿಸಿದ್ದು ಯಾವತ್ತೂ ಹಾಗೆಯೇ ನಡೆಯುವುದಿಲ್ಲ.

ನಿಮ್ಮನ್ನು ಅತಿ ಹೆಚ್ಚು ಪ್ರೀತಿಸುವವರನ್ನೇ ಆರಿಸಬೇಕೆಂದಿಲ್ಲ. ಉಳಿದವರೆಲ್ಲ ಅಳುತ್ತಿರುವಾಗ “ಇಲ್ಲ, ಅವರಿಗೆ ಇದು ಬೇಡವಾಗಿತ್ತು” ಎಂದು ಹೇಳಿ, ಆಮೇಲೆ ಆ ನಿಷ್ಠುರವನ್ನು ತಡೆದುಕೊಳ್ಳಬಲ್ಲವರು ಬೇಕು. ಯಂತ್ರ ಬೇಕೇ ಬೇಡವೇ ಎಂಬುದಕ್ಕಿಂತ, ಯಾವ ಸ್ಥಿತಿಯಲ್ಲಿ ಬದುಕುವುದು ನಿಮಗೆ ಬದುಕೆನ್ನಿಸುತ್ತದೆ ಎಂಬುದನ್ನು ಅವರಿಗೆ ಹೇಳಿ. ಜನರನ್ನು ಗುರುತು ಹಿಡಿಯಲಾಗಬೇಕೇ? ನೋವಿಲ್ಲದೆ ಕೂರಲಾದರೆ ಸಾಕೇ? ಮತ್ತು ಉಳಿದವರಿಗೂ ಅವರ ಹೆಸರನ್ನು ಹೇಳಿ, ಆ ಹೊತ್ತಿನಲ್ಲಿ ಗೊತ್ತಾದರೆ ಯಾರೂ ಒಪ್ಪುವುದಿಲ್ಲ.

ಎರಡನೆಯ ಸುತ್ತು

ಇದನ್ನು ಓದಿ ನಿನ್ನೆಯೆಲ್ಲ ಯೋಚಿಸಿದೆ. ನನ್ನ ಬಳಗದಲ್ಲಿ ಅಂಥವಳು ಒಬ್ಬಳೇ, ನನ್ನ ನಾದಿನಿ. ನಮ್ಮಿಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣನ ಮುಂದೆ ಬೇಡ ಎನ್ನಬೇಕಾದರೆ ನೀವು ಬರೆದು ಕೊಟ್ಟಿರಬೇಕು, ಇಲ್ಲದಿದ್ದರೆ ನಂಬುವುದಿಲ್ಲ” ಎಂದಳು. ಭಾನುವಾರ ಬರುತ್ತಾಳೆ, ಕೂತು ಬರೆಯುತ್ತೇವೆ. ಗಂಡನಿಗೆ ಇನ್ನೂ ಹೇಳಿಲ್ಲ. ಅವಳು ಬರುವುದರೊಳಗೆ ಹೇಳಬೇಕು.